ಗುಣವಾದವನ ಅಭಿಮಾನಿಗಳು

ತನ್ನ ತಮ್ಮ ಇಷ್ಟು ದೊಡ್ಡ ಮನುಷ್ಯನೆಂದು ಶೋಭಾರಾಣಿಗೆ ಗೊತ್ತಾದದ್ದು ಸಾಂಬಾರಿನ ದೆಸೆಯಿಂದ.

ಎಲೆಕ್ಟ್ರಾನಿಕ್ ಸಿಟಿಯ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತಿರುವ ಅವರ ಊರಿನಲ್ಲಿ ಜನ ರಾಗಿ ಬೆಳೆಯುವುದನ್ನು ಬಿಟ್ಟು ಬಾಡಿಗೆ ಬೆಳೆಯಲು ಶುರುಮಾಡಿ ಬಹಳ ಕಾಲವಾಗಿತ್ತು. ಅಪ್ಪ ನರಸಪ್ಪ ಕೂಡ ಸಾಯುವ ಮುಂಚೆ ಇದ್ದ ಹೊಲದಲ್ಲಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿ, ಅದಕ್ಕೆ ‘ಶ್ರೀ ಮುನೇಶ್ವರ ಜೆಂಟ್ಸ್ ಪಿ.ಜಿ.’ ಎಂದು ಬೋರ್ಡು ಹಾಕಿಸಿ ಕಣ್ಣು ಮುಚ್ಚಿದ್ದ. ಅದನ್ನು ನಡೆಸುವವಳು ಶೋಭಾರಾಣಿ. ಮದುವೆಯಾಗಿ ಚಂದಾಪುರಕ್ಕೆ ಹೋಗಿದ್ದವಳು, ಗಂಡನಿಗೆ ‘ನಿನ್ನ ತಮ್ಮನೋ ನಾನೋ’ ಎಂದು ಮೂರು ಹೊತ್ತೂ ಕೇಳುವ ಚಟ ಹತ್ತಿದ ಮೇಲೆ, ಉತ್ತರ ಹೇಳುವ ಗೋಜಿಗೆ ಹೋಗದೆ ಬಟ್ಟೆ ತುಂಬಿಕೊಂಡು ತವರಿಗೆ ಬಂದುಬಿಟ್ಟಿದ್ದಳು. ಆ ತಮ್ಮ ಚಿರಂಜೀವಿ ಪಿ.ಜಿ.ಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ, ಮೋಟರು ಹಾಕಿ ಆರಿಸುತ್ತಿದ್ದ, ಸಂಜೆ ಊಟದ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಮುಖ ಮಾಡಿ ‘ಸಾಂಬಾರ್ ರೆಡೀ’ ಎಂದು ಕೂಗುತ್ತಿದ್ದ.

ಅವತ್ತು ಹಾಗೆ ಕೂಗಿದಾಗ ಮೂರನೇ ಮಹಡಿಗೆ ಹೊಸದಾಗಿ ಬಂದಿದ್ದ ನಂದೀಶ್ ಎಂಬ ಟೀಮ್ ಲೀಡ್ ಕೈಯಲ್ಲಿದ್ದ ತಟ್ಟೆ ಬಿಟ್ಟು ದಡಬಡ ಇಳಿದು ಬಂದ.

“ಅಣ್ಣಾ, ಇನ್ನೊಂದ್ಸಲ ಕೂಗಿ.”

“ಯಾಕ್ ಸಾರ್, ಕೇಳಿಸ್ಲಿಲ್ವಾ?” ಎಂದು ಚಿರಂಜೀವಿ ಇನ್ನೊಮ್ಮೆ ಕೂಗಿದ.

ನಂದೀಶನ ಕಣ್ಣಲ್ಲಿ ನೀರು ಬಂತು. “ಅಣ್ಣಾ, ನೀವು ‘ಕರೆಂಟ್ ಹೋಯ್ತು’ ಬ್ಯಾಂಡಿನ ಚಿರು ಅಲ್ವಾ? ‘ಬಾಗಿಲು’ ಹಾಡಿದ್ದು ನೀವೇ ತಾನೇ?”

ಚಿರಂಜೀವಿ ಸೌಟನ್ನು ನೋಡಿಕೊಂಡು, “ಆಗಿದ್ದೆ,” ಎಂದ. ನಂದೀಶ್ ಅಲ್ಲೇ, ಚಪ್ಪಲಿಗಳ ರಾಶಿಯ ನಡುವೆ, ಅವನ ಕಾಲಿಗೆ ಬಿದ್ದ. ಆ ಪಿ.ಜಿ.ಯಲ್ಲಿ ಅದುವರೆಗೆ ಯಾರೂ ಯಾರ ಕಾಲಿಗೂ ಬಿದ್ದಿರಲಿಲ್ಲ; ಅಡ್ವಾನ್ಸ್ ವಾಪಸ್ ಕೇಳುವಾಗ ಒಬ್ಬಿಬ್ಬರು ಅದರ ಹತ್ತಿರಕ್ಕೆ ಬಂದಿದ್ದರು, ಅಷ್ಟೆ.

ಮುಂದಿನ ಭಾನುವಾರದ ಹೊತ್ತಿಗೆ ಸುದ್ದಿ ಹಬ್ಬಿತು. ವೈಟ್‌ಫೀಲ್ಡಿನಿಂದ, ಸರ್ಜಾಪುರದಿಂದ, ಪೀಣ್ಯದಿಂದಲೂ ಜನ ಬೈಕು, ಕ್ಯಾಬು ಮಾಡಿಕೊಂಡು ಬಂದರು. ಎಲ್ಲರದೂ ಕಪ್ಪು ಟೀ ಶರ್ಟು, ಎದೆಯ ಮೇಲೆ ‘ಬಾಗಿಲು ತೆಗಿ’ ಎಂಬ ಎರಡು ಪದ. ಒಬ್ಬ ಅದನ್ನು ಮೊಣಕೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಅವರೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು, ಚಿರಂಜೀವಿ ಬದನೆಕಾಯಿ ಹೆಚ್ಚುವುದನ್ನು ಉಸಿರು ಬಿಗಿಹಿಡಿದು ನೋಡಿದರು. ತಲೆ ಕೆಟ್ಟಿದ್ದಾಗಿನಿಂದ ನುಂಗುತ್ತಾ ಬಂದ ಮಾತ್ರೆಯಿಂದಾಗಿ ಅವನ ಕೈ ಕೊಂಚ ನಡುಗುತ್ತಿತ್ತು. “ನೋಡು ಮಗಾ, ಈಗಲೂ ಆ ಎನರ್ಜಿ ಹಂಗೇ ಇದೆ,” ಎಂದು ಹಚ್ಚೆಯವನು ಪಿಸುಗುಟ್ಟಿದ.

ಶೋಭಾರಾಣಿಗೆ ಮೊದಮೊದಲು ಖುಷಿಯೇ ಆಯಿತು. ಸುಳ್ಳೇಕೆ ಹೇಳಬೇಕು? ಹುಚ್ಚ ಹುಚ್ಚ ಎಂದು ಊರೆಲ್ಲ ಕರೆದ ತಮ್ಮನನ್ನು ನಾಲ್ಕು ಜನ ಅಣ್ಣಾ ಎಂದು ಕರೆದರೆ ಯಾವ ಅಕ್ಕನಿಗೆ ಬೇಡ? ಬಂದವರಿಗೆಲ್ಲ ಟೀ ಮಾಡಿಕೊಟ್ಟಳು. ಅವರ ಮಾತು ಕೇಳುತ್ತಾ ಕೇಳುತ್ತಾ ಅವಳ ಟೀ ತೆಳುವಾಗುತ್ತ ಹೋಯಿತು.

‘ಬಾಗಿಲು’ ಎಂಬ ಆ ಹಾಡು ಹನ್ನೆರಡು ವರ್ಷ ಹಳೆಯದು. ಗಿಟಾರಿನ ಒಂದೇ ತಂತಿ ಟಣಗುಡುತ್ತದೆ, ಒಬ್ಬ ಹುಡುಗ ಗೋಡೆಯೊಳಗೆ ಇರುವವರ ಜೊತೆ ಜಗಳವಾಡುತ್ತಾನೆ, ಕೊನೆಗೆ ‘ಬಾಗಿಲು ತೆಗಿ, ಬಾಗಿಲು ತೆಗಿ’ ಎಂದು ಗಂಟಲು ಹರಿಯುವಂತೆ ಕಿರುಚುತ್ತಾನೆ, ಕಬ್ಬಿಣದ್ದೊಂದು ಸದ್ದಾಗಿ ಹಾಡು ನಿಲ್ಲುತ್ತದೆ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನೊಬ್ಬ ಅದನ್ನು ಇಂಟರ್‌ನೆಟ್ಟಿಗೆ ಹಾಕಿ, ಆಮೇಲೆ ಕೆಲಸ ಸಿಕ್ಕಿ ಮರೆತುಬಿಟ್ಟಿದ್ದ. ಜನ ಮರೆತಿರಲಿಲ್ಲ. ಆ ಬಾಗಿಲು ಪ್ರಜ್ಞೆಯ ಬಾಗಿಲು ಎಂದು ನಂದೀಶ್ ವಾದಿಸುತ್ತಿದ್ದ. ಅಲ್ಲ, ಬಂಡವಾಳಶಾಹಿಯ ಬಾಗಿಲು ಎಂದು ದಿವ್ಯಾ ಎಂಬ ಹುಡುಗಿ ಉದ್ದನೆಯ ಲೇಖನ ಬರೆದಿದ್ದಳು. ಅದನ್ನು ಬರೆದದ್ದು ಬಂಡವಾಳಶಾಹಿ ಕೊಡಿಸಿದ ಲ್ಯಾಪ್‌ಟಾಪಿನಲ್ಲಿ, ಅದರದೇ ಏಸಿಯಲ್ಲಿ ಕೂತು. ಕೊನೆಯ ಕಬ್ಬಿಣದ ಸದ್ದಿನ ಬಗ್ಗೆಯಂತೂ ಅವರಲ್ಲೇ ಎರಡು ಬಣವಾಗಿ ಒಬ್ಬರನ್ನೊಬ್ಬರು ಗ್ರೂಪಿನಿಂದ ತೆಗೆದುಹಾಕಿದ್ದರು.

ಕೇಳಿ ಕೇಳಿ ಸಾಕಾಗಿ ಒಂದು ದಿನ ಶೋಭಾರಾಣಿ ಬಾಯಿಬಿಟ್ಟಳು.

“ಅದು ಈ ಸ್ಟೋರ್ ರೂಮಿನ ಬಾಗಿಲು ಕಣ್ರಪ್ಪಾ. ಮೆಟ್ಟಿಲ ಕೆಳಗೆ ಇದೆಯಲ್ಲ, ಸಿಲಿಂಡರ್ ಇಡ್ತೀವಲ್ಲ, ಅದು. ಅವನಿಗೆ ಮೈಮೇಲೆ ಮಾರಮ್ಮ ಬಂದವ್ಳೆ, ಇಳಿಯೋವರ್ಗೂ ಕೂಡಿಹಾಕಿ ಅಂತ ಪೂಜಾರಿ ಹನುಮಂತರಾಯಪ್ಪ ಹೇಳಿದ್ರು. ಅಪ್ಪ ಅಮ್ಮ ಕೂಡಿಹಾಕಿದ್ರು. ಗಿಟಾರು ಫೋನು ಅವನ ಹತ್ರಾನೇ ಇತ್ತು, ಒಳಗೇ ಕೂತು ರೆಕಾರ್ಡ್ ಮಾಡಿದ್ದು ಆ ಹಾಡು. ನಾನು ವಿಷಯ ಗೊತ್ತಾಗಿ ಚಂದಾಪುರದಿಂದ ಓಡಿ ಬಂದು ಅಗಳಿ ಎಳೆದೆ. ನೀವು ಜಗಳ ಆಡ್ತೀರಲ್ಲ ಆ ಸೌಂಡಿಗೆ, ಅದು ನಾನು ಅಗಳಿ ಎಳೆದಿದ್ದು. ಆಮೇಲೆ ಅವನ್ನ ಆಟೋಲಿ ಆಸ್ಪತ್ರೆಗೆ ಕರ್ಕೊಂಡು ಹೋದೆ.”

ಇಷ್ಟು ಹೇಳಿದರೆ ಪಾಪ, ಹುಡುಗರಿಗೆ ನಾಚಿಕೆಯಾದೀತು, ಟೀ ಶರ್ಟಿನ ಮೇಲೆ ಜಾಕೆಟ್ಟು ಹಾಕಿಕೊಂಡಾರು ಎಂದು ಅವಳೆಣಿಕೆ. ಆದರೆ ದಿವ್ಯಾ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಕ್ಕಾ, ಅಂದ್ರೆ ಆ ಹಾಡಲ್ಲಿ ನೀವೂ ಇದೀರಾ!” ಎಂದಳು. ನಂದೀಶ್ ಸಿಲಿಂಡರುಗಳನ್ನು ಆಚೆಗೆ ಉರುಳಿಸಿದ. ಆ ಸಂಜೆಯೊಳಗೆ ಸ್ಟೋರ್ ರೂಮಿಗೆ ಹೂವಿನ ಹಾರ ಬಿತ್ತು, ಊದುಬತ್ತಿ ಹಚ್ಚಿದರು, ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡು, ಒಂದು ನಿಮಿಷ ಕತ್ತಲಲ್ಲಿದ್ದು, ಕಣ್ಣೊರೆಸಿಕೊಂಡು ಹೊರಗೆ ಬಂದರು. ಗ್ಯಾಸಿನವನು ಬಂದು ಎಲ್ಲಿಡಲಿ ಎಂದು ಕೇಳಿದಾಗ ಶೋಭಾರಾಣಿ ಅಡುಗೆಮನೆಯ ಮೂಲೆ ತೋರಿಸಿದಳು.

ಇದನ್ನೆಲ್ಲ ನೋಡಿ ಮನಸಾರೆ ಸಂತೋಷಪಟ್ಟವರು ಒಬ್ಬರೇ, ಅವಳ ತಾಯಿ ವಸಂತಮ್ಮ. ಮಗ ಕಾಯಿಲೆ ಬಿದ್ದಿದ್ದ ಆ ಆರು ತಿಂಗಳು ಆಕೆಯ ಬದುಕಿನ ಬಂಗಾರದ ಕಾಲ. ಊರ ಹೆಂಗಸರು ನಿಂಬೆಹಣ್ಣು ಹಿಡಿದು ಬಂದು, ಮಗಳಿಗೆ ಗಂಡು ಯಾವಾಗ ಸಿಗುತ್ತೆ, ಸೈಟಿನ ಕೇಸು ಯಾವಾಗ ಮುಗಿಯುತ್ತೆ ಎಂದು ಚಿರಂಜೀವಿಯನ್ನು ಅಪ್ಪಣೆ ಕೇಳುತ್ತಿದ್ದರು. ಅವನು ಗೋಡೆಯವರಿಗೆ ಏನೋ ಬೈಯುತ್ತಿದ್ದ, ಇವರು ಅದನ್ನು ತಮತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ಒಬ್ಬಿಬ್ಬರ ಕೇಸು ಮುಗಿದೂ ಮುಗಿಯಿತು. ಮಾತ್ರೆ ಶುರುವಾದದ್ದೇ ಮಾರಮ್ಮ ಎದ್ದು ಹೋದಳು, ಹೆಂಗಸರೂ ಹೋದರು, ವಸಂತಮ್ಮ ಮತ್ತೆ ಬರೀ ಪಿ.ಜಿ. ಓನರ್ರಿನ ಹೆಂಡತಿಯಾದಳು. ಈಗ ಹನ್ನೆರಡು ವರ್ಷದ ಮೇಲೆ ಕಪ್ಪು ಬಟ್ಟೆ ಹಾಕಿಕೊಂಡ ಭಕ್ತರು ಬಂದಿದ್ದರು. ಇವರೂ ಅವನು ಏನಂದರೂ ತಮತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದರು. ನಿಂಬೆಹಣ್ಣಿನ ಬದಲು ಫೋನು ಹಿಡಿದಿದ್ದರು, ಅದೊಂದೇ ವ್ಯತ್ಯಾಸ.

“ನೀನು ಓಡಿಸ್ದೆ ಅವ್ಳನ್ನ. ಈಗ ನೋಡು, ಇಂಗ್ಲೀಸ್ ಮಾತಾಡೋರೂ ಬಂದವ್ರೆ,” ಎಂದು ವಸಂತಮ್ಮ ಮಗಳಿಗೆ ಹೇಳಿದಳು.

ಚಿರಂಜೀವಿಯ ಪಾಡು ಬೇರೆಯೇ ಇತ್ತು. ಅವನು ಈ ಹನ್ನೆರಡು ವರ್ಷದಲ್ಲಿ ಗಿಟಾರು ಬಿಟ್ಟಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಹೊಸ ಹಾಡುಗಳನ್ನು ಕಟ್ಟುತ್ತಿದ್ದ. ಕೇಳುವವಳು ಶೋಭಾರಾಣಿಯೊಬ್ಬಳೇ. ಅವಳು ಒಣಗಿದ ಬೆಡ್‌ಶೀಟುಗಳನ್ನು ಮಡಚುತ್ತಾ ಕೇಳುತ್ತಿದ್ದಳು, ಚೆನ್ನಾಗಿದೆ ಎನ್ನುತ್ತಿದ್ದಳು. ಈಗ ಕೇಳಲು ಇಷ್ಟು ಜನ ತಾವಾಗಿಯೇ ಬಂದಿರುವಾಗ ಅವನಿಗೆ ಆಸೆಯಾಗದೆ ಇದ್ದೀತೇ? ಒಂದು ಭಾನುವಾರ ಎಲ್ಲರನ್ನೂ ಟೆರೇಸಿಗೆ ಕರೆದು, ಗಂಟಲು ಸರಿಮಾಡಿಕೊಂಡು, ಹೊಸದೊಂದು ಹಾಡಿದ. ಹೆಸರುಕಾಳು ನೆನೆಹಾಕಿದೆ, ಬೆಳಗಾಗುವುದರೊಳಗೆ ಮೊಳಕೆ ಬರುತ್ತದೆ, ಅವಸರವೇನಿಲ್ಲ ಎಂಬುದು ಆ ಹಾಡಿನ ಸಾರ. ರಾಗ ನೆಟ್ಟಗಿತ್ತು, ತಾಳ ನೆಟ್ಟಗಿತ್ತು.

ಅಭಿಮಾನಿಗಳ ಮುಖ ಸಕ್ಕರೆ ಹಾಕದ ಕಾಫಿ ಕುಡಿದವರದಾಯಿತು. ಚಪ್ಪಾಳೆ ತಟ್ಟಿದರು, ಆದರೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ತಟ್ಟುವ ಹಾಗೆ.

“ನೈಸ್ ಅಣ್ಣಾ. ತುಂಬಾ... ಹೆಲ್ದಿ ಆಗಿದೆ,” ಎಂದಳು ದಿವ್ಯಾ.

ಹೆಲ್ದಿ ಎಂಬುದೂ ಬೈಗುಳವಾಗಬಹುದು ಎಂದು ಶೋಭಾರಾಣಿಗೆ ಅವತ್ತೇ ತಿಳಿದದ್ದು. ಚಿರಂಜೀವಿಗೂ ತಿಳಿಯಿತು. ಅವನು ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, “ಏನು ಕಮ್ಮಿ ಆಗಿದೆ?” ಎಂದು ಕೇಳಿದ. ಕೇಳಬಾರದಿತ್ತು. ರಿವ್ಯೂ ಮಾಡುವುದೇ ಹೊಟ್ಟೆಪಾಡಾಗಿರುವ ಜನ ಅವರು.

“ಆ ರಾ ಫೀಲ್ ಇಲ್ಲ ಗುರು,” ಎಂದ ಹಚ್ಚೆಯವನು.

“ಅದು ಅವರ ತಪ್ಪಲ್ಲ, ಮಾತ್ರೆ ತಪ್ಪು. ಮೆಡಿಸಿನ್ ತಗೊಂಡ್ರೆ ಆ ಎಡ್ಜ್ ಹೊರಟೋಗುತ್ತೆ,” ಎಂದಳು ದಿವ್ಯಾ.

ಶೋಭಾರಾಣಿ ಬೆಡ್‌ಶೀಟು ಕೆಳಗೆ ಹಾಕಿದಳು. “ಎಡ್ಜ್ ಅಂದ್ರೆ ಅಂಚು ತಾನೇ ಮೇಡಂ? ಆ ಪ್ಯಾರಪೆಟ್ ಗೋಡೆ ಕಾಣ್ಸುತ್ತಾ? ಅದರಂಚಿಗೂ ಹೋಗಿ ನಿಂತಿದ್ದ ಒಂದು ದಿನ. ನಾನೇ ಕಾಲು ಹಿಡ್ಕೊಂಡು ಕೆಳಗೆ ಎಳೆದಿದ್ದು.”

ಎಲ್ಲರೂ ಪ್ಯಾರಪೆಟ್ಟಿನ ಕಡೆ ತಿರುಗಿದರು. ಒಬ್ಬ ಅದರ ಫೋಟೋ ತೆಗೆದುಕೊಂಡ.

ಆಮೇಲೆ ಅವರು ಒಂದು ದೊಡ್ಡ ಕಾರ್ಯಕ್ರಮದ ಏರ್ಪಾಡಿಗೆ ಇಳಿದರು. ಪಿ.ಜಿ.ಯ ಹಿಂದಿನ ಖಾಲಿ ಲೇಔಟಿನಲ್ಲೇ ಸ್ಟೇಜು ಹಾಕುವುದು, ಚಿರು ಅಣ್ಣ ಹನ್ನೆರಡು ವರ್ಷದ ಮೇಲೆ ‘ಬಾಗಿಲು’ ಹಾಡುವುದು. ಬೇರೆ ಕಡೆ ಸಭಾಂಗಣ ಸಿಗುತ್ತಿರಲಿಲ್ಲವೆಂದಲ್ಲ, ಮೂಲಸ್ಥಾನ ಬೇಕಿತ್ತು ಅವರಿಗೆ. ಹೆಸರುಕಾಳಿನ ಹಾಡನ್ನೂ ಹಾಡಲೇ ಎಂದು ಚಿರಂಜೀವಿ ಕೇಳಿದ್ದಕ್ಕೆ, ಟೈಮ್ ಇದ್ದರೆ ನೋಡೋಣ ಎಂದರು. ಈ ಉತ್ತರ ಕೇಳಿ ಶೋಭಾರಾಣಿ ಕಾರ್ಯಕ್ರಮ ಬೇಡ ಎನ್ನಲು ಬಾಯಿ ತೆರೆದಳು, ತಮ್ಮನ ಮುಖ ನೋಡಿ ಮುಚ್ಚಿದಳು. ಅಷ್ಟು ಬೆಳಕು ಆ ಮುಖದಲ್ಲಿ ಅವಳು ಯಾವತ್ತೂ ಕಂಡಿರಲಿಲ್ಲ.

ಎರಡು ಮೂರು ವಾರ ಕಳೆಯುವುದರೊಳಗೆ ಚಿರಂಜೀವಿ ಬದಲಾದ. ಬೆಳಗ್ಗೆ ಎಬ್ಬಿಸಬೇಕಾಗುತ್ತಿದ್ದವನು ಎಲ್ಲರಿಗಿಂತ ಮೊದಲೇ ಎದ್ದು ಕೂತಿರುತ್ತಿದ್ದ. ಕೈ ನಡುಕ ನಿಂತಿತು. ಮಾತು ಚುರುಕಾಯಿತು, ನಗು ಜಾಸ್ತಿಯಾಯಿತು, ಸಾಂಬಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಉಪ್ಪಿನ ಸಾಂಬಾರನ್ನೂ ಅಭಿಮಾನಿಗಳು ಕಣ್ಮುಚ್ಚಿ ಉಂಡರು. “ಹಳೇ ಚಿರು ವಾಪಸ್ ಬರ್ತಿದಾರೆ,” ಎಂದು ನಂದೀಶ್ ಗ್ರೂಪಿನಲ್ಲಿ ಹಾಕಿದ. “ಬತ್ತಾವ್ಳೆ, ಬತ್ತಾವ್ಳೆ,” ಎಂದು ವಸಂತಮ್ಮ ದೇವರ ಮನೆಯಲ್ಲಿ ನಿಂಬೆಹಣ್ಣು ಕೊಯ್ದು ದೀಪ ಹಚ್ಚಿದಳು. ಒಂದೇ ಸುದ್ದಿಗೆ ಎರಡು ಕಡೆ ಹಬ್ಬ. ಶೋಭಾರಾಣಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಊಟದ ತಟ್ಟೆಯ ಪಕ್ಕ ಅವಳಿಟ್ಟ ಮಾತ್ರೆ ದಿನವೂ ಖಾಲಿಯಾಗುತ್ತಿತ್ತು, ನೀರಿನ ಲೋಟವೂ ಖಾಲಿಯಾಗುತ್ತಿತ್ತು. ಹಾಗಾದರೆ ಇದು ಬರೀ ಖುಷಿಯೇ ಇರಬೇಕು, ನನ್ನದೇ ಹಾಳು ಅನುಮಾನ ಎಂದು ತನ್ನನ್ನೇ ಬೈದುಕೊಂಡಳು.

ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಬೆಳಗ್ಗೆ ಟೆರೇಸಿನಲ್ಲಿ ಪ್ರಾಕ್ಟೀಸು ನಡೆದಿತ್ತು. ಶೋಭಾರಾಣಿ ಟೀ ತೆಗೆದುಕೊಂಡು ಮೇಲೆ ಬಂದಳು. ಚಿರಂಜೀವಿ ಕಣ್ಣು ಮುಚ್ಚಿ, ಮೈಯೆಲ್ಲ ಕುಲುಕಿಸಿ ಗಿಟಾರು ಬಾರಿಸುತ್ತಿದ್ದ. ಪ್ರತಿ ಏಟಿಗೂ ಗಿಟಾರಿನ ಹೊಟ್ಟೆಯೊಳಗಿಂದ ಝಲ್ ಝಲ್ ಎಂದು ಇನ್ನೊಂದು ಸದ್ದು ಬರುತ್ತಿತ್ತು.

“ಆ ಟೆಕ್ಸ್ಚರ್ ಕೇಳಿ! ಗೆಜ್ಜೆ ಕಟ್ಟಿದ ಹಾಗೆ. ಅಣ್ಣಾ, ಅದು ಹೆಂಗೆ ಮಾಡಿದ್ರಿ?” ಎಂದಳು ದಿವ್ಯಾ.

ಚಿರಂಜೀವಿ ನಕ್ಕ. “ಅದು ಹೇಳಕ್ಕಾಗಲ್ಲ.”

“ಲೆಜೆಂಡ್!” ಎಂದ ಹಚ್ಚೆಯವನು.

ಶೋಭಾರಾಣಿ ಟೀ ಪಾತ್ರೆ ಕೆಳಗಿಟ್ಟು, ನೆಟ್ಟಗೆ ಹೋಗಿ, ತಮ್ಮನ ಕೈಯಿಂದ ಗಿಟಾರು ಕಿತ್ತುಕೊಂಡು, ಮಗುಚಿ ಹಿಡಿದು ಜಾಡಿಸಿದಳು. ತಂತಿಗಳ ನಡುವಿನ ತೂತಿನಿಂದ ಬಿಳಿ ಮಾತ್ರೆಗಳು, ಹಳದಿ ಮಾತ್ರೆಗಳು ಟೆರೇಸಿನ ಸಿಮೆಂಟಿನ ಮೇಲೆ ಉದುರಿ, ಅಭಿಮಾನಿಗಳ ಶೂಗಳ ನಡುವೆ ಉರುಳಿದವು. ದಿನಾ ಸಂಜೆ ತಟ್ಟೆಯ ಪಕ್ಕ ಅವಳು ಇಟ್ಟಿದ್ದೆಲ್ಲ ಅಲ್ಲಿತ್ತು.

ದಿವ್ಯಾ ಬಾಯಿಗೆ ಕೈ ಅಡ್ಡವಿಟ್ಟುಕೊಂಡು, “ಓ ಮೈ ಗಾಡ್, ಎಷ್ಟು ಸಿಂಬಾಲಿಕ್ ಆಗಿದೆ,” ಎಂದಳು. ನಂದೀಶ್ ಫೋನು ಎತ್ತಿ ವಿಡಿಯೋ ಶುರುಮಾಡಿದ್ದ. ಶೋಭಾರಾಣಿ ಅದನ್ನೂ ಕಿತ್ತುಕೊಂಡು ಟೀ ಪಾತ್ರೆಗೆ ಹಾಕಿದಳು. ಬೆಲೆಬಾಳುವ ಫೋನು, ನಿಧಾನವಾಗಿ ಮುಳುಗಿತು.

“ಅಕ್ಕಾ!”

“ಕೇಳ್ತೀನಿ, ಹೇಳಿ. ಅವನು ಮತ್ತೆ ಹುಷಾರು ತಪ್ಪಿದ್ರೆ ಆಸ್ಪತ್ರೇಲಿ ಅವನ ಜೊತೆ ಯಾರಿರ್ತೀರಾ? ಅವನು ಅನ್ನದಲ್ಲಿ ವಿಷ ಇದೆ ಅಂತ ತಟ್ಟೆ ಎಸೀತಾನೆ, ಯಾರು ತಿನ್ನಿಸ್ತೀರಾ? ಹೊಸೂರು ರೋಡಲ್ಲಿ ಲಾರಿಗೆ ಅಡ್ಡ ಓಡ್ತಾನೆ, ಯಾರು ಹಿಂದೆ ಓಡ್ತೀರಾ? ಇಷ್ಟು ಜನ ಇದೀರಲ್ಲ, ಒಬ್ರು ಹೇಳಿ.”

ಎಲ್ಲರೂ ನೆಲ ನೋಡಿದರು. ನೆಲದ ಮೇಲೆ ಮಾತ್ರೆಗಳಿದ್ದವು, ಹಾಗಾಗಿ ಆಕಾಶ ನೋಡಿದರು.

“ಆಫೀಸಲ್ಲಿ ಈ ಮಂತ್ ರಿಲೀಸ್ ಇದೆ ಅಕ್ಕಾ,” ಎಂದ ಹಚ್ಚೆಯವನು.

“ಬೇಕಾದ್ರೆ ಫಂಡ್‌ರೈಸರ್ ಮಾಡಬಹುದು,” ಎಂದು ಇನ್ಯಾರೋ ಹಿಂದಿನಿಂದ ಹೇಳಿದರು.

ಅಷ್ಟರಲ್ಲಿ ವಸಂತಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದಳು. ನೆಲದ ಮೇಲಿನ ಮಾತ್ರೆಗಳನ್ನು ನೋಡಿದವಳೇ ಕೈ ಮುಗಿದಳು. “ಅಮ್ಮ ಬರೋ ಒತ್ನಾಗೆ ಇಂಗೆ ಅಡ್ಡ ಬರಬ್ಯಾಡ ಕಣೇ ಶೋಭಾ. ಒಂದ್ಸಲ ಓಡಿಸ್ದೆ, ಸಾಲ್ದಾ?”

“ಆಂಟಿ ಹೇಳ್ತಿರೋದೂ ಒಂದು ಪರ್ಸ್ಪೆಕ್ಟಿವ್,” ಎಂದ ನಂದೀಶ್, ಪಾತ್ರೆಯಲ್ಲಿ ಕೈಯಾಡಿಸಿ ಫೋನು ಹುಡುಕುತ್ತಾ.

ಇವರೆಲ್ಲರ ಮಾತನ್ನು ಶೋಭಾರಾಣಿ ತಡೆದುಕೊಂಡಾಳು. ತಮ್ಮನ ಮಾತನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ.

“ನಿನಗೇನಕ್ಕಾ, ನಾನು ಬದನೇಕಾಯಿ ಹೆಚ್ಕೊಂಡು ಬಿದ್ದಿದ್ರೆ ಸಾಕು,” ಎಂದ ಚಿರಂಜೀವಿ. ಅವನ ದನಿ ಏರಿರಲಿಲ್ಲ. “ಇವರು ಬಂದು ಕಾಲು ಮುಟ್ತಾರೆ. ಹಾಡು ಅಣ್ಣಾ ಅಂತಾರೆ. ನೀನು ಮಾತ್ರೆ ತಗೊಂಡ್ಯಾ ಅಂತ ಬಿಟ್ರೆ ಬೇರೆ ಏನಾದ್ರೂ ಕೇಳಿದೀಯಾ ನನ್ನ, ಯಾವತ್ತಾದ್ರೂ?”

ಅವಳು ಬಗ್ಗಿ ಒಂದೊಂದಾಗಿ ಮಾತ್ರೆ ಆಯತೊಡಗಿದಳು. ಅಳು ಬರುತ್ತಿತ್ತು, ಅಷ್ಟು ಜನರ ಮುಂದೆ ಅಳಬಾರದೆಂದು ತಲೆ ಎತ್ತಲಿಲ್ಲ. ಕೇಳಿದ್ದೆನೇ, ಬೇರೆ ಏನಾದರೂ? ನೆನಪಾಗಲಿಲ್ಲ. ಗಂಡನನ್ನು ಬಿಟ್ಟು ಬಂದಿದ್ದಳು, ಜೀವವಿಡೀ ಅವನ ಊಟ ನಿದ್ದೆ ಕಾದಿದ್ದಳು, ಬೇರೆ ಏನು ಕೇಳಬೇಕಿತ್ತು ಎಂದು ಕೋಪ ಬಂತು. ಕೋಪ ಇಳಿದ ಮೇಲೂ ಅವನ ಪ್ರಶ್ನೆ ಅಲ್ಲೇ ಇತ್ತು.

ಎರಡು ದಿನ ಅವನು ಅವಳ ಜೊತೆ ಮಾತಾಡಲಿಲ್ಲ, ಅವಳು ಇಟ್ಟ ಮಾತ್ರೆಯನ್ನು ಮುಟ್ಟಲೂ ಇಲ್ಲ. ಅಭಿಮಾನಿಗಳು ಮೆಟ್ಟಿಲಲ್ಲಿ ಅವಳನ್ನು ಕಂಡರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ಗ್ರೂಪಿನಲ್ಲಿ ಅವಳಿಗೆ ‘ಟಾಕ್ಸಿಕ್ ಅಕ್ಕ’ ಎಂದು ನಾಮಕರಣವಾಗಿದೆಯೆಂದು ಅಡುಗೆಯವಳು ಚನ್ನಕ್ಕ ಯಾರ ಬಾಯಿಂದಲೋ ಕೇಳಿ ಬಂದು ಹೇಳಿದಳು. ಮೂರನೆಯ ದಿನ ಬೆಳಗ್ಗೆ ಶೋಭಾರಾಣಿ ಹಾಲಿನ ಪಾಕೀಟು ಒಳಗೆ ತರುವಾಗ, ಚಿರಂಜೀವಿ ಸ್ಟೋರ್ ರೂಮಿನ ಪಕ್ಕದ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ.

“ಅಕ್ಕಾ, ಅವರು ಮತ್ತೆ ಬಂದವ್ರೆ.”

“ಯಾರೋ?”

“ಗೋಡೆಯವರು. ನನ್ನ ಹೆಸರು ಕೂಗ್ತಾವ್ರೆ. ಭಯ ಆಯ್ತದೆ ಅಕ್ಕಾ.”

ಹಳೇ ಚಿರು ಹೀಗೆ ವಾಪಸ್ ಬಂದ. ಸ್ವಾಗತಿಸಲು ಅಭಿಮಾನಿಗಳಾರೂ ಇರಲಿಲ್ಲ, ವಾರದ ದಿನ, ಎಲ್ಲರೂ ಲಾಗಿನ್ ಆಗುವ ಹೊತ್ತು. ಶೋಭಾರಾಣಿ ಅವನ ಕೈ ಹಿಡಿದು ಆಟೋದಲ್ಲಿ ಕೂರಿಸಿಕೊಂಡಳು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅವನು ಅವಳ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಕೂತಿದ್ದ. ಡಾಕ್ಟರು ಬೈಯಲಿಲ್ಲ, ಬೇಗ ಕರೆತಂದಿರಿ, ಒಳ್ಳೆಯದಾಯಿತು ಎಂದರು. ಮೂರು ದಿನ ಅಲ್ಲೇ ಇಟ್ಟುಕೊಂಡು ಮಾತ್ರೆ ಶುರುಮಾಡಿ, ಸ್ಟೇಜು ಗೀಜು ಸದ್ಯಕ್ಕೆ ಬೇಡವೇ ಬೇಡ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮಾರನೆಯ ದಿನವೇ ಕಾರ್ಯಕ್ರಮವಿತ್ತು.

ಅವನು ಬರುವುದಿಲ್ಲವೆಂದು ಶೋಭಾರಾಣಿ ನಂದೀಶನಿಗೆ ಎದುರಿಗೇ ನಿಂತು ಹೇಳಿದಳು. ಅವನು ಗಲಾಟೆ ಮಾಡಿಯಾನು, ಅಡ್ವಾನ್ಸು, ಸ್ಟೇಜು, ಪರ್ಮಿಶನ್ನು ಎಂದಾನು ಎಂದುಕೊಂಡಿದ್ದಳು. ನಂದೀಶ್ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

“ಪರವಾಗಿಲ್ಲ ಅಕ್ಕಾ. ಅವರ ಆಬ್ಸೆನ್ಸ್ ಇನ್ನೂ ಪವರ್‌ಫುಲ್ ಆಗಿರುತ್ತೆ.”

ಮಾರನೆಯ ದಿನ ಖಾಲಿ ಲೇಔಟಿನಲ್ಲಿ ಜಾತ್ರೆ ಸೇರಿದ ಹಾಗೆ ಜನ ಸೇರಿತು. ಸ್ಟೇಜಿನ ಹಿಂದೆ ಎತ್ತರದ ಫ್ಲೆಕ್ಸು, ಅದರಲ್ಲಿ ಹನ್ನೆರಡು ವರ್ಷದ ಹಿಂದಿನ ಚಿರಂಜೀವಿ, ಬಡಕಲು ಮೈ, ಕೆದರಿದ ತಲೆ, ಎಲ್ಲೋ ನೋಡುವ ಕಣ್ಣು. ಕೆಳಗೆ ಸಾಲಾಗಿ ಸಮಿತಿಯವರ ನಗುಮುಖಗಳು. ಫ್ಲೆಕ್ಸಿಗೆ ಸೇವಂತಿಗೆ ಹಾರ ಹಾಕಿದ್ದರು. ನಡುವೆ ಒಂದು ಖಾಲಿ ಕುರ್ಚಿ, ಅದರ ಮೇಲೆ ಲೈಟು. ವಸಂತಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಕಲಾವಿದನ ಹೆತ್ತತಾಯಿ ಎಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು ಚಿರು ಅಣ್ಣ ನಮಗೆ ಏನು ಕೊಟ್ಟರು ಎಂದು ಗದ್ಗದ ಕಂಠದಿಂದ ಹೇಳಿದರು. ಹೊಸದಾಗಿ ಬಂದ ಕೆಲವರು ಅವನು ತೀರಿಕೊಂಡಿದ್ದಾನೆಂದೇ ತಿಳಿದು ಕಣ್ಣೀರಿಟ್ಟರು. ಯಾರೂ ತಿದ್ದಲು ಹೋಗಲಿಲ್ಲ.

ತೀರಿಕೊಳ್ಳದ ಚಿರಂಜೀವಿ ಲೇಔಟಿನ ಈಚೆಗೆ, ಪಿ.ಜಿ.ಯ ಅಡುಗೆಮನೆಯಲ್ಲಿ, ಹುರುಳಿಕಾಯಿಯ ನಾರು ಬಿಡಿಸುತ್ತಾ ಕೂತಿದ್ದ. ಹುಡುಗರೆಲ್ಲ ಕಾರ್ಯಕ್ರಮಕ್ಕೆ ಹೋಗಿದ್ದರಿಂದ ಕಟ್ಟಡ ಖಾಲಿ ಹೊಡೆಯುತ್ತಿತ್ತು. ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಆಚೆಯಿಂದ ಅಷ್ಟೂ ಜನ ಒಂದೇ ಕಂಠದಲ್ಲಿ ಅವನ ಹಾಡು ಹಾಡುವುದು ಕೇಳಿಸುತ್ತಿತ್ತು. ಶೋಭಾರಾಣಿ ಕಿಟಕಿ ಮುಚ್ಚಲು ಹೋದಳು.

“ಇರ್ಲಿ ಬಿಡಕ್ಕಾ,” ಎಂದ ಅವನು. ಸ್ವಲ್ಪ ಹೊತ್ತು ಕೈ ನಿಲ್ಲಿಸಿ ಕೇಳಿದ. “ಹಳೇದು ಚೆನ್ನಾಗಿತ್ತು, ಅಲ್ವಾ?”

ಚೆನ್ನಾಗಿದೆ ಎಂದು ಹನ್ನೆರಡು ವರ್ಷ ಅವನ ಹೊಸ ಹಾಡುಗಳಿಗೆ ಹೇಳಿ ಅವಳ ಬಾಯಿಗೆ ಅಭ್ಯಾಸವಾಗಿತ್ತು. ಇವತ್ತೂ ಹೊಸದೇ ಚೆನ್ನಾಗಿದೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅವನ ಎದುರಿಗೆ ಮಣೆ ಎಳೆದುಕೊಂಡು ಕೂತಳು.

“ಚೆನ್ನಾಗಿತ್ತು ಕಣೋ. ಅವತ್ತು ಕೇಳಿದಾಗ ನನಗೂ ಮೈ ಜುಂ ಅಂದಿತ್ತು.”

“ಹೆಸರುಕಾಳಿಂದು?”

“ಅದು ಅಷ್ಟೊಂದು ಚೆನ್ನಾಗಿಲ್ಲ.”

ಚಿರಂಜೀವಿ ತಲೆಯಾಡಿಸಿದ. ಅವನ ಕಣ್ಣು ತುಂಬಿತು, ಆದರೂ ಏನೋ ಹಗುರಾದವನ ಹಾಗೆ ಸಣ್ಣಗೆ ನಕ್ಕ. “ಗೊತ್ತು. ನೀನು ಬೆಡ್‌ಶೀಟ್ ಮಡಚೋ ಸ್ಪೀಡಲ್ಲೇ ಗೊತ್ತಾಗ್ತಿತ್ತು. ಅದಕ್ಕೇ ಮಾತ್ರೆ ಬಿಟ್ಟಿದ್ದು.”

“ನನಗೆ ಹಾಡು ಬೇಡ ಚಿರು. ನೀನು ಇದ್ರೆ ಸಾಕು.”

“ಮತ್ತೆ ಅವರಿಗೆ?”

ಆಚೆ ಚಪ್ಪಾಳೆ ಮುಗಿಲು ಮುಟ್ಟಿತು. ಖಾಲಿ ಕುರ್ಚಿಗೆ ಜೈಕಾರ ಹಾಕುತ್ತಿದ್ದರು.

“ಅವರಿಗೆ ನೀನು ಬೇಡ ಕಣೋ,” ಎಂದಳು ಶೋಭಾರಾಣಿ. “ನೋಡು, ನೀನಿಲ್ದೇನೇ ಎಷ್ಟು ಚೆನ್ನಾಗಿ ನಡೀತಿದೆ.”

ಅವನು ಹುರುಳಿಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಗೈ ಚಾಚಿದ. ಶೋಭಾರಾಣಿ ಮಾತ್ರೆ ಕೊಟ್ಟಳು, ನೀರು ಕೊಟ್ಟಳು, ಅವನು ಗಟಗಟ ಕುಡಿಯುವುದನ್ನು ನೋಡಿದಳು. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ.

“ನಾಲಿಗೆ ಎತ್ತು,” ಎಂದಳು.

ಅವನು ಬಾಯಿ ಕಳೆದು, ನಾಲಿಗೆ ಎತ್ತಿ ತೋರಿಸಿದ.